ಧರಣ ಅಂದರೆ ಧರಣಿ ಅಲ್ಲ, ತಂಗಿ

ಅಕ್ಕಾ ಅಂತ ಕರೆದು ಕೇಳಿದ್ದೀಯಾ. ಹಾಗಾಗಿ ನೀವು-ತಾವು ಬಿಟ್ಟು ನೀನು ಅಂತಲೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.

ಅಫಜಲಪುರದಿಂದ ಪುಣೆ ಹತ್ತಿರದ ವಾಕಡ್‌ಗೆ ಬಂದು ಮೂರು ತಿಂಗಳಾಯಿತು ಅಂದೆ. ಗಂಡನಿಗೆ ಹಿಂಜವಡಿಯಲ್ಲಿ ಕೆಲಸ, ಎರಡು ಮಕ್ಕಳು, ಜೊತೆಗೆ ಅತ್ತೆ. ಸಂಕ್ರಾಂತಿ ಹೊತ್ತಿಗೆ ಒಂದು ಕ್ಯಾಂಪರ್ ವ್ಯಾನ್ ಬಾಡಿಗೆಗೆ ತೆಗೆದುಕೊಂಡು ಪವನಾ ಕೆರೆಯ ದಂಡೆಯಲ್ಲಿ ಎರಡು ರಾತ್ರಿ ಇರುವ ಆಸೆ ನಿಮಗೆ. ಒಳಗೇ ಹಾಸಿಗೆ, ಒಳಗೇ ಒಲೆ, ಒಳಗೇ ಪಾಯಿಖಾನೆ ಇರುವಂಥ ಗಾಡಿ. ಹೋಗಬಹುದಾ, ಮಕ್ಕಳಿಗೆ ಏನೂ ತೊಂದರೆ ಇಲ್ಲವಾ, ಅತ್ತೆಯನ್ನು ಕರೆದುಕೊಂಡು ಹೋಗಲಾ ಅಂತ ಕೇಳಿದ್ದೀಯಾ. 'ಅತ್ತೆಗೆ ನೀರು ಅಂದರೆ ಬಹಳ ಇಷ್ಟ' ಅಂತ ಬೇರೆ ಬರೆದಿದ್ದೀಯಾ. ಕೊನೆಗೆ, 'ಒಟ್ಟಾರೆ ಈ ಪರವೂರಲ್ಲಿ ಬದುಕು ಹೇಗೆ ಅಕ್ಕಾ' ಅಂತ ಇನ್ನೊಂದು ಪ್ರಶ್ನೆ.

ಕೊನೆಯದನ್ನೇ ಮೊದಲು ಮುಗಿಸಿಬಿಡುತ್ತೇನೆ. ಬದುಕು ಚೆನ್ನಾಗಿದೆ. ಮರಾಠಿ ಆರು ತಿಂಗಳಲ್ಲಿ ಬರುತ್ತದೆ, ನಿಮ್ಮ ಕಡೆಯವರಿಗೆ ಅರ್ಧ ಬಂದೇ ಇರುತ್ತದೆ. ಪುಣೆ ಕನ್ನಡ ಸಂಘದವರ ಶಾಲೆಗಳಿವೆ. ಆದರೆ ವಾಕಡ್‌ನಿಂದ ದಿನಾ ಅಷ್ಟು ದೂರ ಮಕ್ಕಳನ್ನು ಕಳಿಸುವುದು ನಿನ್ನಿಂದ ಆಗದು, ಕನ್ನಡ ಮನೆಯಲ್ಲೇ ಓದಿಸು. ನಲ್ಲಿ ನೀರು ಪಿಂಪ್ರಿ-ಚಿಂಚವಡದಲ್ಲಿ 2019ರ ನವೆಂಬರ್‌ನಿಂದ ದಿನ ಬಿಟ್ಟು ದಿನ. ಮನೆ ಬಾಡಿಗೆ ಎಷ್ಟು ಅಂತ ಕೇಳುವ ಮೊದಲು ಟ್ಯಾಂಕರ್ ಖರ್ಚು ಯಾರದು ಅಂತ ಕೇಳಬೇಕಿತ್ತು, ಇರಲಿ. ನಿಮ್ಮ ಕೆಎ 32 ಗಾಡಿ ಹನ್ನೆರಡು ತಿಂಗಳಿಗಿಂತ ಜಾಸ್ತಿ ಇಲ್ಲಿದ್ದರೆ ನಂಬರ್ ಬದಲಿಸಬೇಕು. ಕಲಬುರಗಿಯ ಆರ್‌ಟಿಓದಿಂದ ಎನ್‌ಓಸಿ ತರಿಸಿಕೊಳ್ಳಲು ಯಜಮಾನರಿಗೆ ಈಗಲೇ ಹೇಳು. ಅಷ್ಟೇ. ಉಳಿದದ್ದೆಲ್ಲ ನೀನೇ ಬಿದ್ದು ಎದ್ದು ಕಲಿಯುತ್ತೀಯಾ.

ಇನ್ನು ಪವನಾ. ಮೊದಲನೆಯದು, ಅದು ಕೆರೆ ಅಲ್ಲ. ಆಣೆಕಟ್ಟಿನ ಹಿನ್ನೀರು. 'ಲೇಕ್' ಅನ್ನುವುದು ಟೆಂಟ್ ಬಾಡಿಗೆಗೆ ಕೊಡುವವರ ಮಾತು. ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂತ ಗೊತ್ತಾಗಬೇಕಾದರೆ ನಾನು ಇಲ್ಲಿಗೆ ಬಂದ ಕಥೆ ಸ್ವಲ್ಪ ಹೇಳಬೇಕು.

1998ರ ಜೂನ್. ಮದುವೆಯಾಗಿ ನಾಲ್ಕು ತಿಂಗಳಾಗಿತ್ತು. ವಿಜಯಪುರದ ಬಸ್ಸು ಬೆಳಗಿನ ಐದಕ್ಕೆ ಸ್ವಾರಗೇಟ್‌ನಲ್ಲಿ ಇಳಿಸಿತು. ಒಂದು ಕೈಯಲ್ಲಿ ಟ್ರಂಕು, ಇನ್ನೊಂದು ಕೈಯಲ್ಲಿ ಜೋಳದ ಹಿಟ್ಟಿನ ಚೀಲ. ಮಳೆ ಹಿಡಿದದ್ದು ಬಿಡಲೇ ಇಲ್ಲ. ನಮ್ಮ ಬಾಗಲಕೋಟೆ ಕಡೆ ವರ್ಷವಿಡೀ ಬಿದ್ದರೂ 600 ಮಿಲಿಮೀಟರ್ ಆಗುವುದು ಕಷ್ಟ. ಇಲ್ಲಿ ಲೋಣಾವಳದಲ್ಲಿ 4,000 ದಾಟುತ್ತದೆ. ಪಿಂಪ್ರಿ-ಚಿಂಚವಡದ ನಿಗಡಿಯ ನಮ್ಮ ಚಾಳಿನ ಕೋಣೆಯಲ್ಲಿ ಹಿಟ್ಟು ಹದಿನೈದೇ ದಿನಕ್ಕೆ ಮುಗ್ಗಲು ಹಿಡಿಯಿತು. ಅವ್ವ ಕೊಟ್ಟ ಸಂಡಿಗೆ ಮೆತ್ತಗಾಗಿ ರಬ್ಬರಿನ ಹಾಗೆ ಆಯಿತು. ಬಿಸಿಲು ಕಂಡರೆ ಸಾಕು ಅಂತ ಬಾಗಿಲಲ್ಲಿ ಕೂತಿರುತ್ತಿದ್ದೆ.

ಒಂದು ಭಾನುವಾರ ಪಕ್ಕದ ಮನೆಯ ಕಾಕು ಬಂದು, 'ಧರಣ ಬಘಾಯಲಾ ಯೇತೆಸ ಕಾ?' ಅಂದರು. ನಾನು ಧರಣಿ ಅಂದುಕೊಂಡೆ. ಧರಣಿ ನೋಡಲು ಬರುತ್ತೀಯಾ ಅಂತ ಕೇಳುತ್ತಿದ್ದಾರೆ ಅಂತ. ನನಗೆ ಬರುತ್ತಿದ್ದ ಮುರುಕು ಹಿಂದಿಯಲ್ಲಿ, ಯಾರು ಕೂತಿದ್ದಾರೆ, ಎಷ್ಟು ದಿನ ಆಯಿತು, ಪರಿಹಾರದ್ದಾ ಅಂತ ಕೇಳಿದೆ. ಕಾಕು ಬಾಯಿಗೆ ಸೆರಗು ಹಿಡಿದು ನಕ್ಕರು. ಮರಾಠಿಯಲ್ಲಿ ಧರಣ ಅಂದರೆ ಆಣೆಕಟ್ಟು.

ನನ್ನ ತಪ್ಪೂ ಅಲ್ಲ ಅದು. ನಮ್ಮದು ಬೀಳಗಿ ತಾಲ್ಲೂಕಿನ ಕೃಷ್ಣಾ ದಂಡೆಯ ಊರು. ಆಲಮಟ್ಟಿ ಮುಳುಗಡೆ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದಾಗ ನಮ್ಮಪ್ಪ ಚಡ್ಡಿ ಹಾಕಿಕೊಂಡು ಓಡಾಡುವ ಹುಡುಗ. ಊರಿಗೆ ನೀರು ಬಂದಾಗ ಅವನಿಗೆ ಮೊಮ್ಮಕ್ಕಳಾಗಿದ್ದವು. ನಡುವಿನ ಕಾಲವೆಲ್ಲ ನೋಟಿಸು, ಸರ್ವೆ, ಪರಿಹಾರ, ಧರಣಿ. ನಾವು ಹುಡುಗಿಯರು ಆಣೆಕಟ್ಟು ಅಂತ ನೋಡಿದ್ದೇ ಅದರ ಸಲುವಾಗಿ ಕೂತ ಧರಣಿಯನ್ನು. ನಾನು ಮದುವೆಯಾಗಿ ಬರುವಾಗ ನಮ್ಮ ಮನೆ ಗೋಡೆಯ ಮೇಲೆ ಸಾಹೇಬರು ಬರೆದುಹೋದ ನಂಬರ್ ಇತ್ತು. ಚಪ್ಪರದ ಬಾಳೆಕಂಬ ಅದಕ್ಕೆ ಅಡ್ಡ ಬರುವ ಹಾಗೆ ಅಪ್ಪ ಕಟ್ಟಿಸಿದ್ದ. ಮಗಳು ಹುಟ್ಟಿದ್ದು ಆ ಮನೆಯಲ್ಲಿ. ಮಗ ಹುಟ್ಟಿದ್ದು ಪುನರ್ವಸತಿ ಕೇಂದ್ರದಲ್ಲಿ. ಎರಡು ಬಾಣಂತನದ ನಡುವೆ ಊರು ಹೋಯಿತು.

ಕಾಕು ಜೊತೆ ಆವತ್ತು ಹೋದೆ. ಅದೇ ಪವನಾ. ಬಾಗಿಲು ತೆಗೆದು ನೀರು ಬಿಟ್ಟಿದ್ದರು. ಸುಟ್ಟ ಮೆಕ್ಕೆಜೋಳದ ತೆನೆ ತಿನ್ನುತ್ತಾ ಮಳೆಯಲ್ಲಿ ನಿಂತು ನೋಡಿದೆವು. ನಮ್ಮೂರಿನ ನೆನಪು ಬಂದು ಕಣ್ಣು ತುಂಬಿತು ಅಂತ ಬರೆದರೆ ಸುಳ್ಳಾಗುತ್ತದೆ. ಖುಷಿಯಾಯಿತು ತಂಗಿ. ಬಹಳ ಖುಷಿಯಾಯಿತು.

ಗಾಡಿಯ ವಿಷಯಕ್ಕೆ ಬರುತ್ತೇನೆ, ಇಲ್ಲದಿದ್ದರೆ ನಿನ್ನ ಯಜಮಾನರು ಈ ಅಕ್ಕ ಬರೀ ಪುರಾಣ ಹೇಳುತ್ತಾಳೆ ಅಂತಾರೆ.

ನಾವು ಕ್ಯಾಂಪರ್ ವ್ಯಾನ್ ಮಾಡಿಕೊಂಡು ಹೋದದ್ದು ಒಂದೇ ಸಲ, 2023ರ ಜೂನ್ ಮೊದಲ ವಾರ, ಭಂಡಾರದರಾಕ್ಕೆ. ಪ್ರವರಾ ನದಿಗೆ ಬ್ರಿಟಿಷರ ಕಾಲದಲ್ಲಿ ಕಟ್ಟಿದ ವಿಲ್ಸನ್ ಡ್ಯಾಮ್, ಅದರ ಹಿಂದೆ ಆರ್ಥರ್ ಲೇಕ್. ಹತ್ತಿರದಲ್ಲೇ ಕಳಸೂಬಾಯಿ, 1,646 ಮೀಟರ್, ಮಹಾರಾಷ್ಟ್ರದಲ್ಲಿ ಅದಕ್ಕಿಂತ ಎತ್ತರದ ಶಿಖರ ಇಲ್ಲ. ಮಳೆ ಹಿಡಿಯುವ ಮುಂಚಿನ ಆ ಹದಿನೈದು-ಇಪ್ಪತ್ತು ದಿನ ಮಿಂಚುಹುಳಗಳು ಬರುತ್ತವೆ. ಒಂದೊಂದಲ್ಲ, ಇಡೀ ಮರವೇ ಒಮ್ಮೆ ಹೊತ್ತಿ ಒಮ್ಮೆ ಆರುತ್ತದೆ. ದೀಪಾವಳಿಯ ಸೀರಿಯಲ್ ಸೆಟ್ ಹಾಕಿದ ಹಾಗೆ. ಅದನ್ನು ನೋಡಲಿಕ್ಕಾದರೂ ಒಮ್ಮೆ ಹೋಗು.

ಗಾಡಿ ಅಂದರೆ ಫೋರ್ಸ್ ಟ್ರಾವೆಲರ್ ಮೇಲೆ ಕಟ್ಟಿದ್ದು, ಇಲ್ಲಿ ಬಾಡಿಗೆಗೆ ಸಿಗುವ ಹೆಚ್ಚಿನವು ಅಂಥವೇ. ಡ್ರೈವರ್ ಜೊತೆಗೇ ಬರುತ್ತಾನೆ. ಒಟ್ಟು ತೂಕ 7,500 ಕಿಲೋ ಒಳಗಿದ್ದರೆ ಕಾರಿನ ಲೈಸೆನ್ಸೇ ನಡೆಯುತ್ತದೆ ಅನ್ನುವುದು ನಿಜ. ಆದರೂ ಘಾಟಿನಲ್ಲಿ ಅಂಥ ಗಾಡಿ ನಿನ್ನ ಗಂಡ ಹೊಡೆಯುವುದು ಬೇಡ. ಗಾಡಿ ಹತ್ತತ್ತಿರ ಹತ್ತು ಅಡಿ ಎತ್ತರ. ಶೇಂಡಿ ಊರ ಹತ್ತಿರ ಮಾವಿನ ಟೊಂಗೆ ನೆತ್ತಿಗೆ ಉಜ್ಜಿ ಕರ್ ಅಂದಾಗ ನಾವೆಲ್ಲ ಒಳಗೆ ತಲೆ ಬಗ್ಗಿಸಿದೆವು, ಟೊಂಗೆ ನಮಗೇ ತಾಗಿದ ಹಾಗೆ. ಹಳ್ಳಿ ದಾರಿಗಳಲ್ಲಿ ಕರೆಂಟಿನ ವೈರು ಜೋತು ಬಿದ್ದಿರುತ್ತವೆ. ಕಾಮಶೇತ್‌ನಲ್ಲಿ ಹಳೇ ಹೈವೇ ಬಿಟ್ಟು ಪವನಾನಗರದ ದಾರಿ ಹಿಡಿದರೆ ಅಲ್ಲೂ ಕಣ್ಣಿಟ್ಟಿರಬೇಕು.

ನಿನ್ನ ಯಜಮಾನರು ತಮ್ಮ ಗಾಡಿಯ ಹಿಂದಿನ ಸೀಟು ಕಿತ್ತು ಹಾಸಿಗೆ ಮಾಡಿಸುವ ಯೋಚನೆಯಲ್ಲೂ ಇದ್ದಾರೆ ಅಂದೆ. ನಮ್ಮವರೂ ಮಾಡಿದ್ದರು ಆ ಯೋಚನೆ, ಪೇಪರ್ ಮೇಲೆ ಚಿತ್ರ ಕೂಡ ಬರೆದಿದ್ದರು. ಆರ್‌ಟಿಓ ಒಪ್ಪಿಗೆ ಇಲ್ಲದೆ ಗಾಡಿಯ ರೂಪ ಬದಲಿಸುವಂತಿಲ್ಲ, ಮೋಟಾರು ವಾಹನ ಕಾಯ್ದೆಯ 52ನೇ ಕಲಂ. ಅಪಘಾತ ಆದರೆ ಇನ್ಶೂರೆನ್ಸ್‌ನವರಿಗೆ ಕೈ ಎತ್ತಲು ನೆಪ ಸಿಗುತ್ತದೆ. ಮಹಾರಾಷ್ಟ್ರ ಸರ್ಕಾರ 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆ ಅಂತಲೇ ಒಂದು ನೀತಿ ತಂದಿದೆ. ಕಾಗದಪತ್ರ ಸರಿ ಇರುವ ಗಾಡಿಯನ್ನೇ ಕೇಳಿ ತೆಗೆದುಕೊಳ್ಳಿ.

ಒಳಗಿನದು ಕೇಳು. ಚಿತ್ರದಲ್ಲಿ ನೋಡಿದರೆ ಮನೆಯೇ ಅನಿಸುತ್ತದೆ. ಐದು ಜನ ಒಳಗೆ ನಿಂತರೆ ಒಬ್ಬರು ತಿರುಗಲು ನಾಲ್ವರು ಕೂರಬೇಕು. ಗಾಡಿ ಹೊರಡುವಾಗ ಮಕ್ಕಳನ್ನು ಮಂಚದ ಮೇಲೆ ಮಲಗಿಸಬೇಡ, ಬೆಲ್ಟ್ ಇರುವ ಸೀಟಿನಲ್ಲೇ ಕೂರಿಸು, ಎಷ್ಟೇ ಹಟ ಮಾಡಲಿ. ಎಸಿ ಇದೆ ಅಂತಾರೆ. ಹೊರಗಿನ ಕರೆಂಟಿಗೆ ಜೋಡಿಸಿದರೆ ಇದೆ, ಇಲ್ಲದಿದ್ದರೆ ಬ್ಯಾಟರಿಯ ಮೇಲೆ ಫ್ಯಾನು ಮತ್ತು ಲೈಟು. ನಮಗೆ ಇದನ್ನು ಯಾರೂ ಹೇಳಿರಲಿಲ್ಲ, ಬೆವೆತು ಎದ್ದೆವು. ಜನವರಿಯಲ್ಲಿ ನಿನಗೆ ಎಸಿ ಬೇಡವೇ ಬೇಡ, ಕೌದಿ ಬೇಕು. ತಲೆಗೆ ಎರಡು. ನೀರಿನ ಟ್ಯಾಂಕು ಬೆಳಗಿನ ಮುಖ ತೊಳೆಯುವಷ್ಟರಲ್ಲಿ ಖಾಲಿ. ಎರಡು ಕ್ಯಾನು ಬೇರೆ ಇಟ್ಟುಕೊಳ್ಳಿ. ಪಾಯಿಖಾನೆಯ ಡಬ್ಬಿಯನ್ನು ಎಲ್ಲಿ ಖಾಲಿ ಮಾಡುತ್ತೀರಿ ಅಂತ ಹೊರಡುವ ಮೊದಲೇ ಗಾಡಿಯವರ ಬಾಯಿಂದ ಕೇಳಿಸಿಕೋ. ಪವನೆಯ ನೀರನ್ನು ನದಿಗೆ ಬಿಟ್ಟು ರಾವೇತ್‌ನಲ್ಲಿ ಎತ್ತಿ ನಮ್ಮ ನಿಗಡಿಯಲ್ಲಿ ಶುದ್ಧ ಮಾಡಿ ನಿನ್ನ ನಲ್ಲಿಗೇ ಕಳಿಸುತ್ತಾರೆ, ತಿಳೀತಲ್ಲ.

ಅಡುಗೆ? ಚಹಾ ಮಾಡು, ಹಾಲು ಕಾಯಿಸು, ಅಷ್ಟಕ್ಕೆ ನಿಲ್ಲಿಸು. ಆ ಒಲೆಯ ಮುಂದೆ ರೊಟ್ಟಿ ಬಡಿಯಲು ಹೋದರೆ ಹಿಟ್ಟು ಎಲ್ಲರ ಹಾಸಿಗೆ ಮೇಲೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮೊಸರು, ಈರುಳ್ಳಿ. ಇಲ್ಲಿಯವರು ಅಂಗಡಿಯಿಂದ ಏನೇನೋ ಪೊಟ್ಟಣ ತಂದು ಬಿಸಿನೀರು ಹಾಕಿ ಕೂರುತ್ತಾರೆ. ಹಾಸಿಗೆಯಲ್ಲಿ ಸುತ್ತಿಟ್ಟರೂ ತಿಂಗಳು ಕೆಡದ ಊಟವನ್ನು ನಮ್ಮ ಅಜ್ಜಿಯರು ಯಾವಾಗಲೋ ಮಾಡಿಟ್ಟಿದ್ದಾರೆ. ಪಕ್ಕದ ಟೆಂಟಿನವರು ಒಂದು ರೊಟ್ಟಿ ಕೇಳಿಕೊಂಡು ಬಂದರೆ ಕೊಡು, ಬರುತ್ತಾರೆ.

ಒಂದು ಮಾತು, ಡ್ರೈವರ್ ರಾತ್ರಿ ಎಲ್ಲಿ ಮಲಗುತ್ತಾನೆ ಅಂತ ಯಾರೂ ಯೋಚಿಸುವುದಿಲ್ಲ. ನಾವೂ ಯೋಚಿಸಿರಲಿಲ್ಲ. ಆ ಹುಡುಗ ಸ್ಟೇರಿಂಗ್ ಮೇಲೆ ತಲೆ ಇಟ್ಟು ಮಲಗಿದ, ನಾವು ಹಿಂದೆ ಗಾದಿಯ ಮೇಲೆ. ಅವನಿಗೊಂದು ಕೋಣೆಯ ದುಡ್ಡು ತೆಗೆದಿಡಿ.

ಪವನೆಯ ದಂಡೆಯಲ್ಲಿ ಗಾಡಿಯನ್ನು ನೀರಿನ ತನಕ ಇಳಿಸಬೇಡಿ. ಜನವರಿ ಹೊತ್ತಿಗೆ ನೀರು ಹಿಂದೆ ಸರಿಯಲು ಶುರುವಾಗಿರುತ್ತದೆ. ನೀರು ಬಿಟ್ಟ ನೆಲ ಮೇಲೆ ಹಪ್ಪಳದಂತೆ ಒಣಗಿರುತ್ತದೆ, ಒಳಗೆ ರಾಡಿ. ಹೂತರೆ ಟ್ರ್ಯಾಕ್ಟರ್ ಕರೆಸಬೇಕು, ಟ್ರ್ಯಾಕ್ಟರಿನವನು ಕೇಳಿದ್ದೇ ರೇಟು. ನೀರಿನ ಅಂಚಿನ ಜಾಗ ನೀರಾವರಿ ಇಲಾಖೆಯದು, ಅಲ್ಲಿ ಹೊಡೆದ ಟೆಂಟುಗಳನ್ನು ಯಾವಾಗ ಬೇಕಾದರೂ ಎಬ್ಬಿಸಬಹುದು. ಮೇಲೆ ಯಾರಾದರೂ ರೈತರ ಸ್ವಂತ ಹೊಲದಲ್ಲಿ ಜಾಗ ಕೇಳಿ. ಬರೀ ಸಂಸಾರಸ್ಥರಿಗೆ ಕೊಡುತ್ತೀರಾ ಅಂತ ಮೊದಲೇ ಕೇಳಿ. ಇಲ್ಲದಿದ್ದರೆ ಶನಿವಾರ ರಾತ್ರಿ ಒಂದು ಕಡೆ ಬಾಟಲಿ, ಒಂದು ಕಡೆ ಡಿಜೆ. ಚಳಿಗೆ ಶೇಗಡಿಯಲ್ಲಿ ಇದ್ದಿಲ ಕೆಂಡ ಕೊಡುತ್ತಾರೆ. ಅದನ್ನು ಹೊರಗೇ ಕಾಯಿಸಿಕೊಂಡು ಹೊರಗೇ ಬಿಡಬೇಕು. ಆರಿತು ಅಂತ ಟೆಂಟಿನೊಳಗೋ ಗಾಡಿಯೊಳಗೋ ತಂದಿಟ್ಟು ಬಾಗಿಲು ಹಾಕಿಕೊಂಡರೆ ಬೆಳಿಗ್ಗೆ ಏಳುವವರು ಇರುವುದಿಲ್ಲ. ಆ ಹೊಗೆಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಇದರಲ್ಲಿ ಮಾತ್ರ ಅಕ್ಕನ ಮಾತು ಮೀರಬೇಡ.

ನೀರಿಗೆ ಇಳಿಯುವುದು? ಅದಕ್ಕೆ ನಮ್ಮವ್ವ ಕೊಟ್ಟ ಉತ್ತರವೇ ಕೊಡುತ್ತೇನೆ.

2016ರಲ್ಲಿ ಸಂಕ್ರಮಣ ಜನವರಿ 15ಕ್ಕೆ ಬಂತು, ಶುಕ್ರವಾರ. ಅಪ್ಪ ತೀರಿಹೋಗಿ ವರ್ಷ ಕಳೆದಿತ್ತು, ಅವ್ವ ನಮ್ಮ ಹತ್ತಿರ ಬಂದಿದ್ದಳು. ನಮ್ಮ ಕಡೆ ಸಂಕ್ರಮಣ ಅಂದರೆ ನಿನಗೆ ಹೇಳಬೇಕಾಗಿಲ್ಲ. ಎಳ್ಳು-ಅರಿಸಿನ ಹಚ್ಚಿಕೊಂಡು ಹೊಳೆಯಲ್ಲಿ ಮಿಂದು, ದಂಡೆಯ ಮೇಲೆ ಬುತ್ತಿ ಬಿಚ್ಚುವುದು. ಪುಣೆಯಲ್ಲಿ ಎಲ್ಲಿಯ ಹೊಳೆ? ನನಗೊಂದು ಹಂಚಿಕೆ ಹೊಳೆಯಿತು. ಪವನಾ ದಂಡೆಯಲ್ಲಿ ಟೆಂಟಿನಲ್ಲಿ ಒಂದು ರಾತ್ರಿ ಇದ್ದು ಬರೋಣ, ಅವ್ವನಿಗೆ ನೀರು ಕಂಡ ಹಾಗೂ ಆಗುತ್ತದೆ, ಮಕ್ಕಳಿಗೆ ಕ್ಯಾಂಪಿಂಗೂ ಆಗುತ್ತದೆ. ಎಲ್ಲಿಗೆ ಅಂತ ಅವಳಿಗೆ ಹೇಳಲಿಲ್ಲ, ನೋಡಿ ಬೆರಗಾಗಲಿ ಅಂತ. ಅವಳದು ಒಂದೇ ತಕರಾರು: 'ಕರಿ ದಿನ ಯಾರರ ಪ್ರಯಾಣ ಮಾಡತಾರನ?' ಶನಿವಾರವೇ ರಜೆ ಅವ್ವಾ, ನಾನೇನು ಮಾಡಲಿ ಅಂದೆ.

ದಾರಿಯಲ್ಲಿ ದುಧಿವರೆಯ ಪ್ರತಿ ಪಂಢರಪುರಕ್ಕೆ ಹೋದೆವು. ವಿಠ್ಠಲನನ್ನು ನೋಡಿ ಅವಳು ಹುಷಾರಾದಳು, ಮಕ್ಕಳ ಜೊತೆ ಮೆಟ್ಟಿಲ ಮೇಲೆ ಕೂತು ಸಜ್ಜೆ ರೊಟ್ಟಿ ತಿಂದಳು. ಸಂಜೆ ನಾಲ್ಕಕ್ಕೆ ದಂಡೆಗೆ ಬಂದೆವು. ಎದುರಿಗೆ ತುಂಗ್ ಕೋಟೆ, ಈ ಕಡೆ ತಿಕೋನಾ, ನಡುವೆ ನೀರು ಕನ್ನಡಿಯ ಹಾಗೆ. ಟೆಂಟಿನ ಮುಂದೆ ಪ್ಲಾಸ್ಟಿಕ್ ಕುರ್ಚಿಗಳನ್ನು ಸಾಲಾಗಿ ನೀರಿನ ಕಡೆಗೆ ಹಾಕಿದ್ದರು. ಅವ್ವ ನಿಂತು ನೋಡಿದಳು. ಎಷ್ಟು ಹೊತ್ತು ಅಂತ ಈಗ ನೆನಪಿಲ್ಲ. ಆಮೇಲೆ ತನ್ನ ಕುರ್ಚಿಯನ್ನು ಎತ್ತಿ ಟೆಂಟಿನ ಕಡೆಗೆ ತಿರುಗಿಸಿ ಹಾಕಿಕೊಂಡು, ನೀರಿಗೆ ಬೆನ್ನು ಕೊಟ್ಟು ಕೂತಳು. ಬಿಸಿಲು ಕಣ್ಣಿಗೆ ಹೊಡೆಯುತ್ತದೇನೋ ಅಂದುಕೊಂಡೆ ನಾನು.

ಮಗ ಪ್ಯಾಂಟು ಮಡಚಿ ನೀರಿಗೆ ಇಳಿಯಲು ಹೊರಟ. ಬೆನ್ನು ಹಾಕಿ ಕೂತವಳಿಗೆ ಅದು ಹೇಗೆ ಗೊತ್ತಾಯಿತೋ, ಎದ್ದು ಹೋಗಿ ಅವನ ರಟ್ಟೆ ಹಿಡಿದಳು. ಎಪ್ಪತ್ತರ ಹೆಂಗಸಿನ ಹಿಡಿತ ಅಲ್ಲ ಅದು. 'ಇದು ಹೊಳಿ ಅಲ್ಲೋ, ಮುಳುಗಡಿ ನೀರು. ಇದರಾಗ ಬಾವಿ ಇರತಾವ. ಮೊಳಕಾಲ ಮಟ ಐತಿ, ಮೊಳಕಾಲ ಮಟ ಐತಿ ಅಂತ ಹೋಗತಿ, ಮುಂದಿನ ಹೆಜ್ಜಿ ಬಾವ್ಯಾಗ.'

ಟೆಂಟಿನ ಯಜಮಾನರು ಎಂಬತ್ತರ ಹತ್ತಿರದ ಮುದುಕರು, ತಲೆಗೆ ಬಿಳಿ ಟೋಪಿ. ಅವರಿಗೆ ಕನ್ನಡ ಬಾರದು. ಆದರೆ ಬಾವಿ ಅನ್ನುವುದು ಅರ್ಥವಾಯಿತಲ್ಲ, ಮರಾಠಿಯಲ್ಲೂ ವಿಹೀರ್‌ಗೆ ಬಾವ್ ಅನ್ನುತ್ತಾರೆ ಹಳಬರು. ಹತ್ತಿರ ಬಂದು, ಹೌದು ಆಯಿ, ಅಲ್ಲಿ ನಮ್ಮ ಬಾವಿ ಇದೆ ಅಂತ ಕೈ ತೋರಿಸಿದರು. ನಿಮ್ಮ ಊರು ಎಲ್ಲಿ ಅಂತ ಅವ್ವ ಕೇಳಿದಳು, ನಾನು ಮರಾಠಿ ಮಾಡಿದೆ. 'ಆಮಚಂ ಗಾವ? ತೇ ಕಾಯ, ಪಾಣ್ಯಾಖಾಲಿ.' ನಮ್ಮೂರಾ? ಅಗೋ, ನೀರಿನ ಕೆಳಗೆ.

ಆಮೇಲೆ ಅವರಿಬ್ಬರಿಗೆ ನಾನು ಬೇಕಾಗಲೇ ಇಲ್ಲ. ಶೇಗಡಿಯ ಆ ಕಡೆ ಅವರು, ಈ ಕಡೆ ಇವಳು. ಅವರು ಧರಣಗ್ರಸ್ತ ಅನ್ನುತ್ತಿದ್ದರು, ಇವಳು ಮುಳುಗಡಿ ಮಂದಿ ಅನ್ನುತ್ತಿದ್ದಳು. ಪವನೆಯ ನೀರು ನಿಂತು ಆಗಲೇ ನಲವತ್ತು ವರ್ಷ ದಾಟಿತ್ತು, ಬದಲಿ ಜಮೀನಿನ ಮಾತು ಇನ್ನೂ ಮುಗಿದಿರಲಿಲ್ಲ. 2011ರ ಆಗಸ್ಟ್ 9ರ ವಿಷಯವೂ ಬಂತು. ಪವನೆಯಿಂದ ನೇರವಾಗಿ ಪೈಪ್ ಹಾಕಿ ನೀರು ಒಯ್ಯುವ ಯೋಜನೆ ಬೇಡ ಅಂತ ಈ ಮಾವಳ ತಾಲ್ಲೂಕಿನ ರೈತರು ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇ ತಡೆದಾಗ ಪೊಲೀಸರು ಗುಂಡು ಹಾರಿಸಿ ಮೂವರು ಸತ್ತಿದ್ದರು. ಆ ಪೈಪು ಬರಬೇಕಾಗಿದ್ದುದು ನಮ್ಮ ನಿಗಡಿಗೆ. ಮುದುಕರು ನೀವು ಎಲ್ಲಿಯವರು ಅಂತ ಕೇಳಿದಾಗ ನಾನು ಬರೀ ಪುಣೆ ಅಂದೆ.

ಇತ್ತ ನಮ್ಮದು ಬೇರೆ ಸಂತೆ. ಪಕ್ಕದ ಟೆಂಟಿನವರ ಜೊತೆ ಅಂತ್ಯಾಕ್ಷರಿ, ಮೆಕ್ಕೆಜೋಳ, ಪನೀರು. ಊಟಕ್ಕೆ ಮಾವಳದ ಇಂದ್ರಾಯಣಿ ಅಕ್ಕಿಯ ಅನ್ನ, ಬಿಸಿ ಆವಿ ಘಂ ಅನ್ನುತ್ತಿತ್ತು. ಅದು ಅಂಟಂಟಾಗಿರುವುದೇ ಅದರ ಹೆಚ್ಚಳ. ಅವ್ವ ಮಾತ್ರ, 'ಅನ್ನ ಮುದ್ದಿ ಆಗೈತಿ, ಹೇಳಬ್ಯಾಡ, ಬೇಜಾರ ಮಾಡಿಕೊಂಡಾರು' ಅಂತ ಕಿವಿಯಲ್ಲಿ ಹೇಳಿದಳು. ಆವತ್ತು ಅವಳು ನಕ್ಕದ್ದು ಅದೊಂದೇ ಸಲ.

ರಾತ್ರಿ ಮೂರೂವರೆ ಇರಬೇಕು. ಡಿಜೆ ನಿಂತಿತ್ತು. ದಂಡೆಗೆ ನೀರು ಬಡಿಯುವ ಸದ್ದು ಟೆಂಟಿನೊಳಗೂ ಕೇಳುತ್ತಿತ್ತು, ಬಟ್ಟೆ ಒಗೆಯುವಾಗ ಕೈಯಿಂದ ತಟ್ಟಿದ ಹಾಗೆ, ತಪ್ ತಪ್. ಅವ್ವ ಎದ್ದು ಕೂತಿದ್ದಳು. ನನ್ನ ಭುಜ ಅಲುಗಿಸಿ ಕೇಳಿದಳು. 'ಹನಮಪ್ಪನ ಗುಡಿ ಕಟ್ಟಿ ಮ್ಯಾಲ ಈಗ ಎಷ್ಟಾಳ ನೀರ ಇದ್ದೀತು?'

ದೇವರನ್ನು ಪುನರ್ವಸತಿ ಕೇಂದ್ರಕ್ಕೆ ಒಯ್ದು ಹೊಸ ಗುಡಿ ಕಟ್ಟಿಸಿದ್ದರು. ಮನೆಯ ಬಾಗಿಲು, ತೊಲೆ, ಬೀಸುವ ಕಲ್ಲು, ಎಲ್ಲ ಕಿತ್ತು ತಂದಿದ್ದರು. ಕಟ್ಟೆ ತರಲು ಆಗಿರಲಿಲ್ಲ. ನನ್ನನ್ನು ಬಸಿರಲ್ಲಿಟ್ಟುಕೊಂಡು ಸಂಜೆ ಹೊತ್ತು ಆ ಕಟ್ಟೆಯ ಮೇಲೆ ಕೂರುತ್ತಿದ್ದಳಂತೆ, ಅದೂ ಬೇರೆ ಯಾರೋ ಹೇಳಿ ನನಗೆ ಗೊತ್ತು.

ನಾನೇನಂದೆ ಗೊತ್ತಾ? 'ಮಲ್ಕೋ ಅವ್ವ. ಈಗ ಯಾಕ ಅದೆಲ್ಲ, ಮುಂಜಾನೆ ಮಾತಾಡೂಣು.'

ಮಲಗಿದಳು. ಮುಂಜಾನೆ ಮಾತಾಡಲಿಲ್ಲ. ಚಹಾ, ಪೋಹೆ, ಫೋಟೋ, ಹನ್ನೊಂದಕ್ಕೆ ಟೆಂಟ್ ಖಾಲಿ ಮಾಡಬೇಕು, ಗಡಿಬಿಡಿ. ಹೊರಡುವಾಗ ಆ ಮುದುಕರು ಗಾಡಿಯ ಕಿಟಕಿಯ ಹತ್ತಿರ ಬಂದು, 'ಆಯಿ, ಏಪ್ರಿಲಮಧೆ ಯಾ. ದೇವ ದಿಸತೋ' ಅಂದರು. ಏಪ್ರಿಲ್‌ನಲ್ಲಿ ಬಾ, ದೇವರು ಕಾಣುತ್ತಾನೆ. ಪವನೆಯ ಹಿನ್ನೀರಿನಲ್ಲಿ ವಾಘೇಶ್ವರ ಅಂತ ಈಶ್ವರನ ಹಳೇ ಕಲ್ಲಿನ ಗುಡಿ ಇದೆ. ಬೇಸಿಗೆಯಲ್ಲಿ ನೀರು ಇಳಿದಾಗ ಹೊರಗೆ ಬರುತ್ತದೆ, ಮಳೆಗಾಲಕ್ಕೆ ಮತ್ತೆ ಒಳಗೆ. ಬೇಸಿಗೆಗೆ ಕರಕೊಂಡು ಬಾ ಅಂತ ಅವ್ವ ದಾರಿಯಲ್ಲಿ ಎರಡು ಸಲ ಹೇಳಿದಳು. ಆ ವರ್ಷ ಮಗಳ ಹನ್ನೆರಡನೇ ಕ್ಲಾಸು, ಮೇನಲ್ಲಿ ಸಿಇಟಿ. ಮುಂದಿನ ವರ್ಷ ಅಂದೆ. ಮುಂದಿನ ವರ್ಷ ಅವಳ ಮೊಣಕಾಲು. ಅದರ ಮುಂದಿನ ವರ್ಷ ಏನೋ ಒಂದು, ಈಗ ನೆನಪೂ ಇಲ್ಲ. 2019ರಲ್ಲಿ ಹೋದಳು.

2022ರ ಮೇ ತಿಂಗಳಲ್ಲಿ ನಾವಿಬ್ಬರೇ ಸ್ಕೂಟರ್ ಮೇಲೆ ಹೋದೆವು. ಗುಡಿ ಹೊರಗೆ ಬಂದಿತ್ತು. ಬಿರುಕು ಬಿಟ್ಟ ರಾಡಿಯ ಮೇಲೆ ನಡೆದುಕೊಂಡು ಹೋಗಬೇಕು, ಕಾಲ ಕೆಳಗೆ ಸತ್ತ ಬಸವನಹುಳುವಿನ ಚಿಪ್ಪು ಚಟಚಟ ಅನ್ನುತ್ತದೆ. ಕಲ್ಲಿನ ಮೇಲೆ ಒಣಗಿದ ಪಾಚಿ ಉಗುರು ತಾಗಿದರೆ ಸಾಕು, ಹಪ್ಪಳ ಎದ್ದ ಹಾಗೆ ಏಳುತ್ತಿತ್ತು. ಜನ ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಾನು ಗುಡಿಯ ಮುಂದೆ ನಿಂತು ತಲೆ ಎತ್ತಿ ನೋಡಿದೆ. ಸುತ್ತ ಗುಡ್ಡದ ಮೈಮೇಲೆ ನೀರು ನಿಲ್ಲುವ ಗೆರೆ ಕಾಣುತ್ತದೆ, ಕೆಳಗೆ ಬರೀ ಮಣ್ಣು, ಮೇಲೆ ಗಿಡ. ಆ ಗೆರೆಯಿಂದ ಇಲ್ಲಿಗೆ ಎಷ್ಟು ಆಳು? ಮೂರಾಳು ಅಂದರು ನಮ್ಮವರು. ನನಗೆ ಜಾಸ್ತಿ ಅನಿಸಿತು. ಟೆಂಟಿನ ಹೊಲದಲ್ಲಿ ಬೇರೆ ಯಾರೋ ಹುಡುಗ ಇದ್ದ, ಅಜ್ಜನ ಬಗ್ಗೆ ಕೇಳುವ ಧೈರ್ಯ ಆಗಲಿಲ್ಲ.

ನಮ್ಮೂರ ಹಿನ್ನೀರಿಗೆ ಅವ್ವನನ್ನು ಕರೆದುಕೊಂಡು ಹೋಗಿ, ಯಾವ ಕಡೆ ಗುಡಿ ಇತ್ತು ತೋರಿಸು ಅಂತ ಒಂದು ಸಲವೂ ಕೇಳಿರಲಿಲ್ಲ ನಾನು. ಪ್ರತಿ ಬೇಸಿಗೆ ಹೋಗುತ್ತಿದ್ದೆ, ಬಾಗಲಕೋಟೆ ನವನಗರದಲ್ಲಿ ಸೀರೆ ಕೊಂಡು ಬರುತ್ತಿದ್ದೆ. ಈಗ ಆಲಮಟ್ಟಿಯಲ್ಲಿ ನೀರಿನ ಮಟ್ಟ 519.6 ಮೀಟರ್ ಅಂತ ಪೇಪರಿನಲ್ಲಿ ಬಂದಾಗೆಲ್ಲ ಅದರಿಂದ ಕಟ್ಟೆಯ ಎತ್ತರ ಕಳೆಯಲು ಹೋಗುತ್ತೇನೆ. ಕಟ್ಟೆ ಎಷ್ಟು ಎತ್ತರದಲ್ಲಿತ್ತು ಅಂತ ಹೇಳುವವರು ಯಾರೂ ಉಳಿದಿಲ್ಲ.

ಪವನೆಯ ನೀರು ನಮ್ಮ ಊರಿಗೆ ಬರುವುದಿಲ್ಲ ಬಿಡು. ಅದು ನಿನ್ನ ಊರಿಗೆ ಬರುತ್ತದೆ. ದಾಪೋಡಿಯ ಹತ್ತಿರ ಮುಳೆಗೆ ಸೇರಿ, ಮುಳಾ-ಮುಠಾ ಆಗಿ ಭೀಮೆಗೆ ಸೇರಿ, ಉಜನಿ ಆಣೆಕಟ್ಟು ದಾಟಿ ನಿಮ್ಮ ಅಫಜಲಪುರದ ಬದಿಗೇ ಹರಿಯುತ್ತದೆ. ಕೃಷ್ಣೆಗೆ ಕೂಡುವುದು ಆಮೇಲೆ, ರಾಯಚೂರಿನ ಕಡೆ.

ಅದಕ್ಕೇ ನಿನ್ನನ್ನು ಒಂದು ಮಾತು ಕೇಳಬೇಕಾಗಿದೆ. ಅತ್ತೆಗೆ ನೀರು ಇಷ್ಟ ಅಂತ ಬರೆದಿದ್ದೀಯಾ. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿ ನಿಮ್ಮ ತಾಲ್ಲೂಕಿನ ಹಳ್ಳಿಗಳಿಗೆ ನುಗ್ಗಿತ್ತಲ್ಲ, ಆಗ ನಿಮ್ಮ ಮನೆಗೆ ಎಲ್ಲಿಯ ತನಕ ಬಂದಿತ್ತು? ನೀನು ಆಗ ಗಂಡನ ಜೊತೆ ಬೆಂಗಳೂರಲ್ಲಿದ್ದೆ ಅಂದೆ. ಅತ್ತೆ ಒಬ್ಬರೇ ಇದ್ದರಾ? ಇವತ್ತು ರಾತ್ರಿ ಊಟ ಆದ ಮೇಲೆ ಕೇಳು, ಟಿವಿ ಆರಿಸಿ ಕೇಳು. ಕೇಳಿ ನನಗೆ ತಿಳಿಸು, ಆಮೇಲೆ ಗಾಡಿ ಗೊತ್ತು ಮಾಡೋಣ. ಅವರು ಬರುತ್ತೇನೆ ಅಂದರೆ ಖಡಕ್ ರೊಟ್ಟಿ ನನ್ನ ಕಡೆಯಿಂದ, ಐವತ್ತು ಸಾಕಾ?